ಸ್ವಭಾವದ ಕಾಲಂ

ಕುಷ್ಟಗಿಯ ದನದ ಸಂತೆಯಲ್ಲಿ ನನ್ನ ಕೆಲಸ
ರಸೀದಿ ಹರಿಯುವುದು.
ಬಣ್ಣ, ಹಲ್ಲು, ಕೊಂಬು, ಸುಳಿ,
ಕೊಟ್ಟವರು, ಕೊಂಡವರು,
ಕೊನೆಗೊಂದು ಕಾಲಂ: ಸ್ವಭಾವ.
ಯಾವ ಪುಣ್ಯಾತ್ಮ ಅದನ್ನು ಅಚ್ಚು ಹಾಕಿಸಿದನೋ,
ಹದಿನೇಳು ವರ್ಷದಿಂದ ತುಂಬುತ್ತಿದ್ದೇನೆ.

ದಲಾಲಿ ಹುಸೇನಪ್ಪ ಟವೆಲಿನ ಒಳಗೆ
ಗಿರಾಕಿಯ ಬೆರಳು ಹಿಡಿದು ದರ ಒತ್ತುತ್ತ
ಹೊರಗೆ ಬಾಯಲ್ಲಿ ಹೇಳುವುದು ಒಂದೇ ಮಾತು:
"ಪಾಪದ್ದೈತ್ರಿ. ಹಾಯಂಗಿಲ್ಲ, ಒದಿಯಂಗಿಲ್ಲ,
ಸಣ್ಣ ಹುಡುಗ್ರೂ ಹಿಂಡ್ತಾವು."
ಆ ಮಾತಿಗೇ ಎರಡು ಸಾವಿರ ಜಾಸ್ತಿ.

ಪಾಪದ್ದು ಅಂತ ಬರೆಯುವ ಹಾಗಿಲ್ಲ ಪಂಚಾಯ್ತಿ ಪುಸ್ತಕದಲ್ಲಿ.
ಸಾಧು ಅಂತ ಬರೆಯುತ್ತೇನೆ.
ಗುರಿಗೆ ನೆಟ್ಟಗೆ ಹೋಗುವಂಥದ್ದು ಎಂದಿತ್ತು
ಹೈಸ್ಕೂಲಿನ ಗೆದ್ದಲು ತಿಂದ ಕೋಶದಲ್ಲಿ,
ಬಾಣಕ್ಕೆ ಹೇಳುತ್ತಿದ್ದ ಮಾತಂತೆ.
ಅದೇ ಸವೆದು ಸಾಹು ಆಗಿ, ಸಾವುಕಾರ ಆಗಿ
ಗಾದಿ ಮೇಲೆ ಕೂತು ಬಡ್ಡಿ ಬರೆಯಿತು.
ಬಾಣ ಬಂದು ಎಮ್ಮೆಗೆ ನೆಟ್ಟದ್ದು ಯಾವಾಗ,
ಎಮ್ಮೆಯನ್ನೇ ಕೇಳಬೇಕು.

ಪಾಪದ್ದು ಅದಕ್ಕಿಂತ ಕಗ್ಗಂಟು.
ಪಾಪ ಎಂಬಲ್ಲಿ ಮೊದಲ ಅರ್ಥ, ಮಾಡಬಾರದ್ದು.
ಆಮೇಲೆ ಅಯ್ಯೋ ಅನ್ನುವ ಕನಿಕರ.
ತೀರ ಕೆಳಗೆ, ಜಾಗ ಸಾಲದೆ ಮುದುಡಿಕೊಂಡು, ಕೂಸು.
ಕೊಲೆಯೂ ಕೂಸೂ ಒಂದೇ ಕೌದಿಯಲ್ಲಿ
ಹೆಂಗೆ ಮಲಗಿದವೋ.

ನನ್ನ ನೋಡಲು ಬಂದ ದಿನ
ಸೋದರಮಾವ ಸಣ್ಣೆಪ್ಪ ಪಡಸಾಲೆಯಲ್ಲಿ ಎಲೆ ಮಡಚುತ್ತ ಅಂದ:
"ಹುಡುಗಿ ಭಾಳ ಪಾಪದ್ದೈತ್ರಿ."
ಚಹದ ತಾಟು ಹಿಡಿದು ಬಾಗಿಲಲ್ಲಿ ನಿಂತವಳು
ಹಾಯಂಗಿಲ್ಲ, ಒದಿಯಂಗಿಲ್ಲ ಎಂದೂ ಸೇರಿಸುತ್ತಾನೇನೋ
ಎಂದು ಕಾದೆ.
ಟವೆಲಂತೂ ಹೆಗಲ ಮೇಲಿತ್ತು.

ಹೋದ ವಾರ ತಾವರಗೇರಿ ಕಡೆಯ ಮುದುಕಿ, ದುರಗವ್ವ,
ಒಂಟಿ ಕೊಂಬಿನ ಎಮ್ಮೆ ಮಾರಲು ತಂದಿದ್ದಳು.
ಸ್ವಭಾವ ಏನು ಬರೀಲಬೇ ಅಂದೆ.
ಎಮ್ಮೆಯ ಕಿವಿಯಿಂದ ಉಣ್ಣೆ ಕಿತ್ತು
ಕಲ್ಲ ಮೇಲಿಟ್ಟು ಒರೆಸಿ ಅಂದಳು:
"ಹೊಡದವ್ರಿಗೆ ಪಾಪ ಬರ್ತೈತಿ. ಅಂಥಾದ್ದೈತಿ."

ಪೆನ್ನು ನಿಂತಿತು.
ಹಂಗಾದರೆ ಮೊದಲು ಇಷ್ಟುದ್ದ ಇತ್ತು ಮಾತು.
ಹೊಡೆದವರು ಅನ್ನುವುದು ಎಲ್ಲೋ ಉದುರಿ
ಉಳಿದದ್ದನ್ನು ಹೊಡೆಸಿಕೊಂಡವರ ಹೆಸರಿಗೆ ಬರೆದಿದ್ದಾನೆ
ನನ್ನಂಥವನೇ ಯಾವನೋ, ರಸೀದಿ ಹರಿಯುವವನು,
ಹಿಂದೆ ಸಾಲು ಉದ್ದ ಇತ್ತೋ ಏನೋ.
ಇದು ಕೋಶದಲ್ಲಿಲ್ಲ.
ನಿಜವೋ ಸುಳ್ಳೋ ಬಲ್ಲವರು ಹೇಳಲಿ,
ನನಗೆ ಮಾತ್ರ ಇಪ್ಪತ್ತಾರು ವರ್ಷದ ಮೇಲೆ
ಚಹದ ತಾಟು ಕೆಳಗಿಟ್ಟ ಹಾಗಾಯಿತು.

ಸ್ವಭಾವದ ಕಾಲಂ ಖಾಲಿ ಬಿಟ್ಟೆ.
ಕೊಂಡವರು ಎಂಬಲ್ಲಿ ಕೊಂಡವನ ಹೆಸರು,
ತಂದೆಯ ಹೆಸರು, ಊರು, ಫೋನ್ ನಂಬರು
ಒತ್ತಿ ಒತ್ತಿ ಬರೆದೆ,
ಕಾರ್ಬನ್ನಿನ ಕೆಳಗಿನ ಹಾಳೆಗೂ ಮೂಡುವ ಹಾಗೆ.

ಟೆಂಪೊ ಹತ್ತಿಸುವಾಗ ಎಮ್ಮೆ
ಹಿಂದೆ ನಿಂತವನಿಗೆ ಒಂದು ಒದೆಯಿತು.
ಹುಸೇನಪ್ಪ ತಟ್ಟನೆ ನನ್ನತ್ತ ನೋಡಿದ.
ನಾನೆಲ್ಲಿ ನೋಡಲಿ,
ರಸೀದಿ ಹರಿಯುತ್ತಿದ್ದೆ.