ಇದ್ದಿಲಲ್ಲಿ ಬರೆದ ಹೊತ್ತು

ಮೊಂಬಾಸಾ ಹೆದ್ದಾರಿ, ಮಕಿಂಡು ದಾಟಿ ಎರಡು ತಿರುವು.
ಲಾರಿ ಮಗುಚಿದೆ, ರಸ್ತೆ ತುಂಬ ಈರುಳ್ಳಿ.
ನಮ್ಮ ಆಂಬುಲೆನ್ಸಿಗೆ ನಲವತ್ತು ನಿಮಿಷದ ದಾರಿ;
ತೊಡೆಯ ನೆತ್ತರಿಗೆ ಅಷ್ಟು ಪುರುಸೊತ್ತಿಲ್ಲ.

ಹೋದ ವರ್ಷವಾಗಿದ್ದರೆ
ಬಟ್ಟೆ ಹೊದಿಸಿ, ಹೆಸರು ವಿಚಾರಿಸಿ ಹಿಂತಿರುಗುತ್ತಿದ್ದೆ.

ಈ ಸಲ, ರಸ್ತೆಬದಿ ಜೋಳ ಸುಡುವ ಸ್ಯೊಂಬುವಾ
ಮೊಣಕಾಲೂರಿ ಕೂತಿದ್ದಳು.
ಸೊಂಟದ ಕಾಂಗಾ ಬಿಚ್ಚಿ, ಗಾಯದ ಮೇಲ್ಗಡೆ ಬಿಗಿದು,
ಇಕ್ಕಳದ ಹಿಡಿ ತೂರಿಸಿ ತಿರುವಿದ್ದಳು,
ಅವನು ಬೈದರೂ ಬಿಡದೆ
ಇನ್ನೊಂದು ಸುತ್ತು.

ಚರ್ಚಿನ ಹಿಂದಿನ ಬಯಲಲ್ಲಿ ಒಂದು ಭಾನುವಾರ
ಮೇಕೆಯ ಕಾಲಿಟ್ಟು ಕಲಿಸಿದ್ದೆ.
ನಕ್ಕವರೇ ಹೆಚ್ಚು.
ಹೊತ್ತು ಬರೆಯಲು ಪೆನ್ನಿಲ್ಲದಿದ್ದರೆ?
ಎಂದು ಕೇಳಿದವಳು ಇವಳೊಬ್ಬಳೇ.

ಕಾಂಗಾದ ಅಂಚಿನಲ್ಲಿ ಅಚ್ಚಾದ ಸ್ವಾಹಿಲಿ ಗಾದೆ
ಅರ್ಧ ನೆನೆದು ಕೆಂಪಾಗಿದೆ:
ಅವಸರಕ್ಕೆ ಹರಕೆಯಿಲ್ಲ.

ಚಾಲಕನ ಹಣೆಯ ಮೇಲೆ ಇದ್ದಿಲಲ್ಲಿ
ನಾಲ್ಕು ಹತ್ತು.
ನನ್ನ ಗಡಿಯಾರದಲ್ಲಿ ನಾಲ್ಕು ನಲವತ್ತೆಂಟು.

ರಕ್ತದ ಚೀಲ ತೂಗುಹಾಕುವಾಗ ಅವನು ಕಣ್ಣು ಬಿಟ್ಟ.
ಈರುಳ್ಳಿ ಎಷ್ಟು ಉಳೀತು? ಅಂದ.

ಬಾಗಿಲು ಹಾಕಬೇಕು, ಅವಳು ಓಡಿ ಬಂದಳು,
ಕೈ ಇನ್ನೂ ಒರೆಸಿಕೊಂಡಿಲ್ಲ:
"ನನ್ನ ಇಕ್ಕಳ ಯಾವಾಗ ವಾಪಸು ಕೊಡ್ತೀಯ, ನ್ದುಂಗೆ?"