ಗುರುವಾರ, ಅಗಳಿ ಹಾಕಿದ ಮ್ಯಾಲ

ಶಹಾಬಾದಿನ ಚರ್ಚ್ ಸಾಲಿ, ಮೂರನೇ ಕ್ಲಾಸಿನ ಖೋಲಿ,
ಗ್ವಾಡಿ ಮ್ಯಾಲ ಏಳರ ಮಗ್ಗಿ.
ರವಿವಾರ ಬಾಗಿಲಾ ತೆರದೇ ಇರತದ,
ಹೆಂಡತಿ, ಮಕ್ಕಳು, ಅತ್ತಿ, ಯಾರರೆ ಬರಬಹುದು.
ಗುರುವಾರ ಅಗಳಿ.
ಕುಡದವರಷ್ಟೇ.

ಲಾರಿ ಹೊಡಿಯೋ ಮಸ್ತಾನಪ್ಪ
"ಇವತ್ತಿಗೆ ನಲವತ್ತೊಂದ..." ಅನ್ನೂದರಾಗ
ಬಾಗಿಲಾ ಬಡದ ಸಪ್ಪಳ.

ಅಂಗನವಾಡಿ ಸೀರಿ, ಕೈಯಾಗ ಚೀಲ.
"ಅಕ್ಕಾರ, ಇದು ಬಂದ್ ಸಭಾ,
ಮನಿಯವರು ರವಿವಾರ ಬರಬೇಕ್ರಿ," ಅಂದೆ,
ಎದ್ದು ಸುದ್ದಾ ನಿಲ್ಲಲಾರದೆ.

ಆಕಿ ಚಪ್ಪಲಿ ಬಿಟ್ಟಳು.
"ಮನಿಯವರು ಕುಡಿಯಂಗಿಲ್ರಿ.
ನಾನೇ."

ಮಸ್ತಾನಪ್ಪ ಒಂದು ಫರ್ಸಿ ಅಗಲ ಸರದ.
ಹೆಸರು ಯಾರೂ ಕೇಳಲಿಲ್ಲ.
ನನ್ನ ಕಪ್ಪಿನ ಚಾ ಅರ್ಧ ಬಸಿಗೆ ಸುರುವಿ ಕೊಟ್ಟೆ.
ಆಕಿ ಕೈ ನಡುಗತಿತ್ತು, ನಂದೂ.
ನೆಲಕ್ಕ ಚೆಲ್ಲಿದ್ದು
ಯಾರ ಕೈಯಿಂದಂತ ತಿಳೀಲಿಲ್ಲ.