ದಿಂಡಿಗದ ಲೆಕ್ಕ

ಜೋಗಿಮಟ್ಟಿಯ ಇಳಿಜಾರಲ್ಲಿ ಆಡು ಮೇಯಿಸುವ ಗಾದರಮ್ಮ
ಸೆರಗಿನ ಗಂಟು ಬಿಚ್ಚಿ ನನ್ನ ಮಷೀನಿನ ಮೇಲೆ ಸುರಿದಳು:
ಅಂಗಿ ಗುಂಡಿಯಷ್ಟೇ ಗಾತ್ರದ ಒಣ ಕಾಯಿ.
"ಒಂದು ರವಿಕೆ ಹೊಲಿ ಸಾಬಣ್ಣ. ಕೂಲಿ ಇದೇ."

ದಿಂಡಿಗ. ಮುಟ್ಟಿದರೆ ಪುಡಿಪುಡಿ.
ಫಾರೆಸ್ಟಿನ ಪಾಲಯ್ಯ ಬಾಗಿಲಲ್ಲೇ ನಿಂತು ನಕ್ಕ:
"ನೂರಕ್ಕೆ ತೊಂಬತ್ತೊಂಬತ್ತು ಜೊಳ್ಳು.
ನಮ್ಮ ನರ್ಸರಿಯವರೇ ಕೈಬಿಟ್ಟರು.
ನೀಲಗಿರಿ ಬೇಕಾದರೆ ಹೇಳಿ, ಕೊಡಿಸ್ತೀನಿ."

ನಾನು ಅಳತೆಯ ಮನುಷ್ಯ.
ಒಗೆದರೆ ಎಷ್ಟು ಕುಗ್ಗುತ್ತದೆಂದು ಮೊದಲೇ ಎಣಿಸಿ
ಬಟ್ಟೆಗೆ ಕತ್ತರಿ ಇಟ್ಟವನು.
ನೂರಕ್ಕೆ ಒಂದಾದರೆ ಸಾವಿರಕ್ಕೆ ಹತ್ತು,
ಅಷ್ಟೇ ತಾನೆ?

ಹಾಲಿನ ಪ್ಯಾಕೆಟ್ಟಿನ ತಳಕ್ಕೆ ದಬ್ಬಣದಲ್ಲಿ ತೂತು.
ಕೆಂಪು ಮಣ್ಣು, ಆಡಿನ ಹಿಕ್ಕೆ, ಹಿಡಿ ಮರಳು.
ಎಂಬತ್ತು ಪ್ಯಾಕೆಟ್ ತಾರಸಿಯ ಮೇಲೆ ಸಾಲಾಗಿ ನಿಲ್ಲಿಸಿ
ಮಾಗಿಗೆ ಒಪ್ಪಿಸಿದೆ.
"ಪಾಪ, ಮಣ್ಣಿಗೂ ಒಂದೊಂದು ಕುಲಾವಿ ಹೊಲಿಯಿರಿ" ಅಂದಳು ಜೈತುನ್.

ರಾತ್ರಿ, ಬಂಡೆಗಳ ಕಾವು ಆರಿದ ಮೇಲೆ,
ದುರ್ಗದ ಚಳಿ ಇಳಿದು ಬರುತ್ತದೆ
ಚಪ್ಪಲಿ ಕೈಯಲ್ಲಿ ಹಿಡಿದ ಕಳ್ಳನ ಹಾಗೆ.
ಬೆಳಿಗ್ಗೆ ಪ್ಯಾಕೆಟ್ಟಿನ ಅಂಚಿಗೆ ಇಬ್ಬನಿ.
ಮಧ್ಯಾಹ್ನ ಅದೇ ಮಣ್ಣು ರೊಟ್ಟಿ ಹೆಂಚು.
ಒದ್ದೆ, ಒಣಗು, ಒದ್ದೆ, ಒಣಗು.
ಹೊಸ ಖಾದಿಯನ್ನೂ ಹೀಗೇ ಅಲ್ಲವೆ
ಕತ್ತರಿಸುವ ಮುನ್ನ ನಾವು ಹದಕ್ಕೆ ತರುವುದು?

ಸಂಕ್ರಾಂತಿ ಹೋಯಿತು. ಇರುವೆಗಳು ತಮ್ಮ ಪಾಲು ಹೊತ್ತವು.
ಅಳಿಲೊಂದು ಕೆದಕಿ ಕೆದಕಿ, ಬಾಲ ಒದರಿ ಹೋಯಿತು;
ಅದಕ್ಕೂ ಜೊಳ್ಳೇ ಸಿಕ್ಕಿರಬೇಕು.
ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಗುಡ್ಡ ಹತ್ತಿತು.
ತಾರಸಿಯ ಮೇಲೆ ಬರೀ ಮಣ್ಣು.

ಆಮೇಲೊಂದು ಬೆಳಿಗ್ಗೆ, ಮೂಲೆಯಲ್ಲಿ,
ಎರಡೆಲೆ.
ಕೊರಳಲ್ಲಿದ್ದ ಟೇಪು ತೆಗೆದು ಹಿಡಿದೆ: ಕಾಲಿಂಚು.
ಜೈತುನ್ ಮತ್ತೊಮ್ಮೆ ಅಳೆಸಿದಳು: ಕಾಲಿಂಚೇ.
ಸಂಜೆ ಗಾದರಮ್ಮ ಬಂದು, ಮೊಣಕಾಲೂರಿ,
ಕೂಸಿನ ಕಿವಿ ನೋಡುವ ಹಾಗೆ ನೋಡಿದಳು.
"ಇದು ಎಲಚಿ. ಹಿಕ್ಕೆಯೊಳಗೆ ಬಂದದ್ದು.
ಬಿತ್ತಿದ್ದು ನನ್ನ ಆಡು, ನೀನಲ್ಲ."

ಮೂವರೂ ನಕ್ಕೆವು. ಎಲಚಿಗೂ ನೀರು ಬಿತ್ತು.
ಅವಳು ಹೊಸ ರವಿಕೆ ಕಂಕುಳಲ್ಲಿಟ್ಟುಕೊಂಡು
ಆಡುಗಳ ಹಿಂದೆ ಹೋದಳು.

ಉಳಿದ ಎಪ್ಪತ್ತೊಂಬತ್ತನ್ನು ಇನ್ನೂ ಕೆಳಗಿಳಿಸಿಲ್ಲ.
ಪಾಲಯ್ಯ ಕೇಳುತ್ತಾನೆ, "ಲೆಕ್ಕ ಎಷ್ಟಾಯ್ತು?"
ಬಾಯಲ್ಲಿ ದಾರವಿದೆ, ಉತ್ತರ ಕೊಡಲಾರೆ.
ಉದ್ದರಿ ಪುಸ್ತಕ ಅವನತ್ತ ತಿರುಗಿಸುತ್ತೇನೆ:

ಗಾದರಮ್ಮ. ರವಿಕೆ ಒಂದು.
ಬಾಕಿ, ದಿಂಡಿಗ.